ಮೊಟ್ಟೆಯಿಟ್ಟ ಮರಿ

ಸೋಮವಾರ ಬೆಳಿಗ್ಗೆ ನೆಲಮಾಳಿಗೆಯ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ 318, 319, 320 ಎಂಬ ಮೂರು ಬಾಟಲಿ ಸಂಖ್ಯೆಗಳನ್ನು ಕಂಡಾಗ ಚಿತ್ರದಕ್ಕನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಟ್ಟಿಯ ಮೇಲ್ಗಡೆ ದಪ್ಪಕ್ಷರದಲ್ಲಿ ‘ವಿಲೇವಾರಿ’ ಎಂದಿತ್ತು. ಕಸಕ್ಕೆ ಎಸೆಯುತ್ತೇವೆ ಎಂದು ಬರೆಯಲು ಕಚೇರಿಯವರಿಗೆ ನಾಚಿಕೆಯಾದಾಗ ಈ ಪದ ಬರುತ್ತದೆ. ಲಾರಿ ಬರುವುದು ಶುಕ್ರವಾರ.

ಚಿತ್ರದಕ್ಕ ಎಂದರೆ ಆ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕಡಲ ಜೀವಿಗಳ ಚಿತ್ರ ಬರೆಯುತ್ತಿದ್ದವಳು. ಏಡಿಯ ಮೀಸೆಯೋ ಸಿಗಡಿಯ ಕಾಲೋ, ಯಾವುದು ಬಂದರೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಕಾಗದಕ್ಕಿಳಿಸುವುದು ಅವಳ ಕೆಲಸ. ಅವಳಿಗಿಂತ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಅನ್ನುವುದೇನು, ಬಾಯಿಗೆ ಸುಲಭ. ಅಕ್ಕನ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು ಎಂದರೆ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತಿತ್ತು.

ಆ ಮೂರು ಬಾಟಲಿಗಳಲ್ಲಿದ್ದದ್ದು ಹನ್ನೊಂದು ಹುಳುಗಳು. ಹುಳು ಎಂದರೆ ಚಿಪ್ಪಿಲ್ಲದ ಬಸವನಹುಳು, ಸಮುದ್ರದ್ದು. ಒಂದೊಂದೂ ಏಳೆಂಟು ಮಿಲಿಮೀಟರ್ ಉದ್ದ, ಅಕ್ಕಿಕಾಳಿಗಿಂತ ಒಂದಿಷ್ಟು ದಪ್ಪ. ಈಗ ನೋಡಿದರೆ ಯಾರೋ ಅಗಿದು ಉಗಿದ ಚೂಯಿಂಗ್ ಗಮ್ ಇದ್ದ ಹಾಗಿವೆ, ಏಕೆಂದರೆ ಸ್ಪಿರಿಟ್‌ನಲ್ಲಿ ಬಿದ್ದ ಒಂದು ವಾರದಲ್ಲೇ ಈ ಜೀವಿಗಳ ಬಣ್ಣವೆಲ್ಲ ಕರಗಿಹೋಗುತ್ತದೆ. ಜೀವವಿದ್ದಾಗ ಅವು ಹಾಲಿನ ಬಿಳುಪಿನ ಮೈಗೆ ಕಿತ್ತಳೆಯ ಅಂಚು ಹೊದ್ದಿದ್ದವು. ತಲೆಯ ಮೇಲೆ ಎರಡು ಪುಟ್ಟ ಕೊಂಬು, ಕೊಂಬಿಗೆ ಕಡುನೀಲಿ ಉಂಗುರ. ಬಾಲದ ಹತ್ತಿರ ಆ ಕಿತ್ತಳೆ ಗೆರೆ ತುಂಡಾಗಿತ್ತು. ಜೀವವಿದ್ದಾಗ ಅದನ್ನು ಗಮನವಿಟ್ಟು ನೋಡಿದ ಕಣ್ಣುಗಳು ಈ ಲೋಕದಲ್ಲಿ ಮೂರೇ ಜೊತೆ. ಒಂದು ಅವಳದು, ಒಂದು ಅವಳ ತಮ್ಮನದು, ಇನ್ನೊಂದು ಆಗ ವಿಭಾಗದ ಮುಖ್ಯಸ್ಥರಾಗಿದ್ದ ವಿಜ್ಞಾನಿ ದೊಡ್ಡ ಸರ್ ಅವರದು.

ತಮ್ಮ ಮುಳುಗುವ ಕೆಲಸದವನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು ಯಾರಿಗೆ ಏನು ಬೇಕೋ ಅದನ್ನು ಮಾಡಿಕೊಡುವವನು: ಹಡಗಿನ ತಳ ಕೆರೆಯುವುದು, ಬಿದ್ದ ಲಂಗರು ಎತ್ತುವುದು, ಸಂಗ್ರಹಾಲಯಕ್ಕೆ ಹುಳುಹುಪ್ಪಟೆ ಹಿಡಿದುಕೊಡುವುದು. ಹದಿನೈದು ವರ್ಷದ ಹಿಂದೆ ದೀಪಸ್ತಂಭದ ಕೆಳಗಿನ ಕುಳಿಬಂಡೆಯಿಂದ ಈ ಹನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದವನು ಅವನೇ. "ಅಕ್ಕಾ, ಇದು ಯಾವಾಗಲೂ ಸಿಗೋ ಆ ಕಿತ್ತಳೆ ಅಂಚಿಂದಲ್ಲ ನೋಡು. ಅದು ನನ್ನ ಹೆಬ್ಬೆರಳಷ್ಟಿರುತ್ತೆ, ಸ್ಪಂಜಿನ ಮೇಲೆ ಕೂತಿರುತ್ತೆ. ಇದು ಪಾಚಿ ಪೊದೆ ಒಳಗೆ ಇತ್ತು. ಅಲ್ಲಿ ಇನ್ನೂ ಬೇಕಾದಷ್ಟಿವೆ, ಸಾಕು ಅಂತ ಬಿಟ್ಟು ಬಂದೆ," ಎಂದಿದ್ದ.

ಅವಳು ಒಂದನ್ನು ನಾಲ್ಕನೇ ನಂಬರಿನ ಗಾಜಿನ ಬಟ್ಟಲಿಗೆ ಹಾಕಿ ಚಿತ್ರ ಬರೆಯಲು ಕೂತಳು. ಒಂಬತ್ತೂವರೆಗೆ ಅದು ಬಟ್ಟಲಿನ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಸುತ್ತತೊಡಗಿತು. ಸುತ್ತುತ್ತಾ ಸುತ್ತುತ್ತಾ ಹಿಂದೆ ಒಂದು ಬಿಳಿಯ ಪಟ್ಟಿಯನ್ನು, ಹೊಲಿಗೆಯವರ ಟೇಪನ್ನು ಸುರುಳಿ ಸುತ್ತಿ ನಿಲ್ಲಿಸಿದ ಹಾಗೆ, ಬಿಡುತ್ತಾ ಹೋಯಿತು. ಮೊಟ್ಟೆ! ಹನ್ನೊಂದು ಗಂಟೆಯವರೆಗೆ ಅವಳು ಕಾಫಿಗೂ ಏಳಲಿಲ್ಲ. ಹುಳುವನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಳು, ಮೊಟ್ಟೆಯ ಸುರುಳಿಯನ್ನು ಕೆಳಭಾಗದಲ್ಲಿ ಬರೆದಳು, ಅದರಡಿ ಪೆನ್ಸಿಲ್‌ನಲ್ಲಿ ಟಿಪ್ಪಣಿ ಹಾಕಿದಳು.

ಅಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಚಿತ್ರ ಮುಗಿದ ಮೇಲೆ ವಿಜ್ಞಾನಿ ಬಂದು ಸೂಕ್ಷ್ಮದರ್ಶಕದಲ್ಲಿ ಜೀವಿಯನ್ನೂ ಹಾಳೆಯಲ್ಲಿ ಚಿತ್ರವನ್ನೂ ಹೋಲಿಸಿ ನೋಡಿ, ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಆ ಸಹಿಯಿಲ್ಲದ ಹಾಳೆಯನ್ನು ಅಚ್ಚಿನ ವಿಭಾಗದವರು ಮುಟ್ಟುತ್ತಿರಲಿಲ್ಲ. ದೊಡ್ಡ ಸರ್ ಬಂದರು, ನೋಡಿದರು, ಸಹಿ ಹಾಕಿ ಹಾಳೆಯನ್ನು ತೆಗೆದುಕೊಂಡು ಹೋದರು. ಮೂರು ವಾರದ ಮೇಲೆ ರಿಜಿಸ್ಟರಿನಲ್ಲಿ ನೋಡಿದರೆ 318ರಿಂದ 320ರವರೆಗೆ ‘ಕಿತ್ತಳೆಯಂಚಿನ ಹುಳು, ಸಾಮಾನ್ಯ ಜಾತಿ, ಮರಿ’ ಎಂದಿತ್ತು.

ಅವಳು ಅವರ ಕೋಣೆಗೆ ಓಡಿದ್ದಳು. "ಸರ್, ಮೊಟ್ಟೆ ಇಡ್ತಲ್ಲ ಸರ್. ಮರಿ ಮೊಟ್ಟೆ ಇಡುತ್ತಾ?"

"ನೋಡಮ್ಮ," ಎಂದಿದ್ದರು ದೊಡ್ಡ ಸರ್, ತುಂಬ ಮೃದುವಾಗಿ. ಅವರು ಯಾವತ್ತೂ ದನಿ ಎತ್ತಿದವರಲ್ಲ. ಎತ್ತಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. "ಆ ಬಟ್ಟಲಲ್ಲಿ ಮೊದಲೇ ಇನ್ಯಾವುದರದೋ ಮೊಟ್ಟೆ ಇದ್ದಿರಬಹುದು. ಬೆಳೀತಾ ಬೆಳೀತಾ ಬಾಲದ ಗೆರೆ ಕೂಡಿಕೊಳ್ಳುತ್ತೆ. ಚಿತ್ರ ಬರೆಯೋದು ನಿನ್ನ ಕೆಲಸ, ಚೆನ್ನಾಗಿ ಮಾಡ್ತೀಯ. ಹೆಸರಿಡೋದು ನಮಗೆ ಬಿಡು."

ಅಸಲು ಸಂಗತಿ ಎಲ್ಲರಿಗೂ ಗೊತ್ತಿತ್ತು. ಆ ಕರಾವಳಿಯ ಹುಳುಗಳನ್ನು ಗುರುತಿಸುವ ಅವರ ಪುಸ್ತಕ ಆಗ ಅಚ್ಚಿನಲ್ಲಿತ್ತು. ಕಿತ್ತಳೆ ಅಂಚಿನದು ಈ ದಂಡೆಯಲ್ಲಿ ಒಂದೇ ಒಂದು ಜಾತಿ ಎಂದು ಅದರಲ್ಲಿ ಹನ್ನೆರಡು ಪುಟ ಬರೆದಿದ್ದರು. ಏಳು ಮಿಲಿಮೀಟರಿನ ಒಂದು ಪ್ರಾಣಿಗೋಸ್ಕರ ಹನ್ನೆರಡು ಪುಟ ಕೀಳಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಚೆಂದ ಕಂಡಿತಲ್ಲ, ಅದೇ ಹುಳುವಿನ ಅದೇ ಚಿತ್ರವನ್ನು ಪುಸ್ತಕದ ರಕ್ಷಾಪುಟಕ್ಕೆ ಹಾಕಿಕೊಂಡರು, ಮೊಟ್ಟೆಯ ಸುರುಳಿ ಬಿಟ್ಟು. ಮೂಲಚಿತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿಸಿದರು. ಅದರಲ್ಲೂ ಸುರುಳಿ ಇರಲಿಲ್ಲ. ಕತ್ತರಿ ಹಾಕಿಸಿದರು ಎಂದು ಅವಳು ಹದಿನಾಲ್ಕು ವರ್ಷ ಹಲ್ಲು ಕಡಿದುಕೊಂಡು ಆ ಗೋಡೆಯ ಎದುರು ಓಡಾಡಿದಳು.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು.

ಹನ್ನೊಂದು ವರ್ಷದ ಹಿಂದೆ ದೊಡ್ಡ ಸರ್‌ಗೆ ಅಚ್ಚುಕಟ್ಟಿನ ಹುಚ್ಚು ಹಿಡಿಯಿತು. ಬಾಟಲಿಯ ಒಳಗೆ, ಸ್ಪಿರಿಟ್‌ನಲ್ಲೇ ಮುಳುಗಿರುವಂತೆ ಒಂದು ಚೀಟಿ ಹಾಕುವುದು ಆ ಕೆಲಸದ ಮೊದಲ ಪಾಠ: ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ಹಿಡಿದರು. ಅದನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ಸಿಲ್ ಒಂದೇ ಸ್ಪಿರಿಟ್‌ಗೆ ಜಗ್ಗುವುದಿಲ್ಲ. ಆ ಹಳೆಯ ಚೀಟಿಗಳು ಕೊಳಕಾಗಿ ಕಾಣುತ್ತವೆ ಎಂದು ದೊಡ್ಡ ಸರ್ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಡೆಸಿ, ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿ, ಹೊಸದು ಹಾಕಿಸಿದರು. ಹಾಕಿದ ಕೈ ಯಾರದು? ಚಿತ್ರದಕ್ಕನದೇ. "ಸರ್, ಇದು ನಿಲ್ಲುತ್ತಾ?" ಎಂದು ಒಂದು ಮಾತು ಕೇಳಿದಳು. "ಜಗತ್ತು ಮುಂದೆ ಹೋಗಿದೆಯಮ್ಮ" ಎಂಬ ಉತ್ತರ ಬಂತು. ಸಾವಿರದ ನೂರು ಬಾಟಲಿಯ ಹಳೆಯ ಚೀಟಿಗಳನ್ನು ಚಿಮಟದಿಂದ ಎತ್ತಿ, ಹೇಳಿದ ಹಾಗೆ, ಕಸದ ಬುಟ್ಟಿಗೆ ಹಾಕಿದಳು. ಅದರಲ್ಲಿ ತಮ್ಮನ ಕೋಳಿಕಾಲಿನ ಅಕ್ಷರದ ಚೀಟಿಗಳೂ ಇದ್ದವು. ಈ ಒಂದು ವಿಷಯಕ್ಕೆ ಅವಳಿಗೆ ತನ್ನ ಮೇಲೇ ಇದ್ದ ಸಿಟ್ಟು ದೊಡ್ಡ ಸರ್ ಮೇಲಿದ್ದುದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಜಗತ್ತು ಮುಂದೆ ಹೋಯಿತು, ಅಕ್ಷರಗಳು ಕೆಳಗೆ ಬಿದ್ದವು. ಲೇಸರಿನ ಮಸಿ ಕಾಗದದ ಮೇಲೆ ಅಂಟಿ ಕೂರುವಂಥದ್ದು, ಒಳಗಿಳಿಯುವಂಥದ್ದಲ್ಲ. ಸ್ಪಿರಿಟ್ ಅದನ್ನು ನಿಧಾನವಾಗಿ ಬಿಡಿಸಿತು. ಈಗ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಒಳಗೊಂದು ಬಿಳಿಯ ಖಾಲಿ ಚೀಟಿ, ತಳದಲ್ಲಿ ಸತ್ತ ಇರುವೆಗಳ ಹಾಗೆ ಅಕ್ಷರಗಳ ರಾಶಿ, ಅದರ ಮೇಲೆ ಹುಳು.

*

ವಿಭಾಗದ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದು ಎಂಟು ತಿಂಗಳಾಗಿತ್ತು. ಸಂಗ್ರಹವನ್ನೆಲ್ಲ ಬೇರೆ ಕಟ್ಟಡಕ್ಕೆ ಸಾಗಿಸುವ ಹೊರೆ ಅವರ ತಲೆಯ ಮೇಲಿತ್ತು. ಅಲ್ಲಿ ಜಾಗ ಇಲ್ಲಿಯ ಅರ್ಧ. ಕೆಟ್ಟವರಲ್ಲ. ಆದರೆ ನಿದ್ದೆಗೆಟ್ಟವರ ಹಾಗೆ ಯಾವಾಗಲೂ ಅವಸರದಲ್ಲಿರುತ್ತಿದ್ದರು.

"ಮೇಡಂ, 318ರಿಂದ ಮೂರು ಬಾಟಲಿ ಪಟ್ಟಿಯಿಂದ ತೆಗೀರಿ."

"ಯಾಕಕ್ಕಾ? ಚೀಟಿ ಖಾಲಿ. ರಿಜಿಸ್ಟರಿನಲ್ಲಿ ಸಾಮಾನ್ಯ ಜಾತಿಯ ಮರಿ ಅಂತಿದೆ. ಆ ಜಾತಿದು ಬೆಳೆದದ್ದೇ ಅರವತ್ತು ಬಾಟಲಿ ಇದೆ ನಮ್ಮ ಹತ್ರ."

"ಅದು ಮರಿಯಲ್ಲ. ಬೇರೇನೇ ಜಾತಿ. ನನ್ನ ಕಣ್ಣೆದುರಿಗೇ ಮೊಟ್ಟೆ ಇಟ್ಟಿದೆ. ಬೇಕಾದ್ರೆ ಒಂದನ್ನ ಕೊಯ್ದು ಹಲ್ಲು ನೋಡಿ, ಜಾತಿಗೊಂದು ತರ ಇರುತ್ತೆ."

ಹೊಸ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅಕ್ಕಾ, ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ನಾನು ನಂಬಿದ್ರೆ ಸಾಕಾಗಲ್ಲ. ಇದೇ ತರ ಎಂಟು ಜನ ಬಂದಿದ್ದಾರೆ, ನಂದು ಬಿಡಿ, ನಂದು ಬಿಡಿ ಅಂತ. ಉಳಿಸೋ ಬಾಟಲಿಗೆ ಕಾಗದದಲ್ಲಿ ಒಂದು ಕಾರಣ ಬೇಕು. ಮೊಟ್ಟೆ ಇಟ್ಟಿದ್ದಕ್ಕೆ ಏನಾದ್ರೂ ದಾಖಲೆ ಇದೆಯಾ? ಇಲ್ಲಾಂದ್ರೆ ದೊಡ್ಡ ಸರ್ ಒಂದು ಸಾಲು ಬರೆದುಕೊಡಲಿ. ಗುರುವಾರ ಹನ್ನೊಂದಕ್ಕೆ ಪಟ್ಟಿಗೆ ಅವರ ಸಹಿ ಹಾಕಿಸ್ಬೇಕು, ಅಷ್ಟರೊಳಗೆ ತನ್ನಿ."

ಚೀಟಿ ಅಳಿಸಿದವರೇ ಚೀಟಿ ಇಲ್ಲ ಅಂತ ಬಾಟಲಿ ಎಸೆಯುವುದು, ಅದಕ್ಕೆ ಮೊದಲೇ ತಪ್ಪು ಹೆಸರಿಟ್ಟವರೇ ಸಹಿ ಹಾಕುವುದು! ಅವಳು ಮೆಟ್ಟಿಲಿಳಿಯುವಾಗ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಗೆ ತುಕ್ಕಿನ ಗುರುತು ಮೂಡಿತ್ತು.

ಇನ್ನೊಂದಷ್ಟು ಹುಳು ಹಿಡಿದು ತಂದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಎಲ್ಲಿಂದ ತರುವುದು? ಕುಳಿಬಂಡೆಯ ಮೇಲೆ ಈಗ ಬಂದರಿನ ತಡೆಗೋಡೆ ನಿಂತಿದೆ. ಒಂಬತ್ತು ವರ್ಷದ ಹಿಂದೆ ಅದನ್ನು ಕಟ್ಟುವ ಮೊದಲು, ಅಪರೂಪದ ಜೀವಿಯೇನಾದರೂ ಅಲ್ಲಿದೆಯೇ ಎಂದು ನೋಡಲು ಸಮೀಕ್ಷೆಯವರು ಬಂದಿದ್ದರು, ಕೈಯಲ್ಲಿ ದೊಡ್ಡ ಸರ್ ಅವರ ಪುಸ್ತಕ ಹಿಡಿದುಕೊಂಡು. ರಕ್ಷಾಪುಟದಲ್ಲಿದ್ದ ಹುಳುವನ್ನೇ ಬಂಡೆಯಲ್ಲಿ ಕಂಡು, ಒಳಗೆ ತೆರೆದು ನೋಡಿ, ‘ಸಾಮಾನ್ಯ ಜಾತಿ, ಮರಿ, ಎಲ್ಲೆಡೆ ಕಾಣಸಿಗುತ್ತದೆ’ ಎಂದು ಬರೆದುಕೊಂಡು ಹೋದರು. ಆಮೇಲೆ ಎರಡು ವರ್ಷ ನೀರಿನಡಿ ಕಾಂಕ್ರೀಟ್ ದಿಮ್ಮಿ ಕೂರಿಸುವ ಕೆಲಸ ನಡೆಯಿತು. ತಮ್ಮನಿಗೂ ಅಲ್ಲೇ ಕೆಲಸ ಸಿಕ್ಕಿತ್ತು. ಎಡಗಿವಿಯ ತಮಟೆ ಒಡೆದದ್ದು ಅಲ್ಲೇ. ಆಮೇಲೆ ಮುಳುಗುವುದು ನಿಂತಿತು. ಈಗ ದೋಣಿಕಟ್ಟೆಯಲ್ಲಿ ಹಗ್ಗ ಕಟ್ಟುತ್ತಾನೆ.

ಬುಧವಾರ ಸಂಜೆ ಅಡುಗೆಮನೆಯಲ್ಲಿ ಅವನ ಬಲಗಡೆ ಕೂತು ಅವಳು ಎಲ್ಲ ಹೇಳಿದಳು. ಎಡಗಡೆ ಕೂತರೆ ಗೋಡೆಗೆ ಹೇಳಿದ ಹಾಗೆ.

"ಎಸೀಲಿ ಬಿಡಕ್ಕ," ಎಂದ ತಮ್ಮ, ತಟ್ಟೆಯಿಂದ ತಲೆ ಎತ್ತದೆ. "ಹದಿನೈದು ವರ್ಷ ಆಯ್ತು. ಅದು ಮರಿನೇ ಇರಬಹುದು. ಅಷ್ಟು ಓದಿದೋರು ಸುಮ್ಮನೆ ಹೇಳ್ತಾರಾ?"

"ಬೇರೆ ಅಂತ ಮೊದಲು ಹೇಳಿದ್ದೇ ನೀನು! ಬಾಯಿಂದ ಆಡಿದ್ದನ್ನೇ ತಿರುಗಿ ನುಂಗ್ತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?"

"ಅದು ಮರಿ ಆಗಿದ್ರೇ ಒಳ್ಳೇದು," ಎಂದ ಅವನು. ಎದ್ದು ತಟ್ಟೆ ತೊಳೆಯಲು ಹೋದ. ನಲ್ಲಿ ಜೋರಾಗಿ ತಿರುಗಿಸಿದ.

ಯಾಕೆ ಒಳ್ಳೆಯದು ಎಂದು ಅವಳು ಕೇಳಲಿಲ್ಲ. ಕೋಪ ನೆತ್ತಿಗೇರಿದ್ದಾಗ ಎದುರಿನವರ ಮುಖ ಸರಿಯಾಗಿ ಕಾಣುವುದಿಲ್ಲ, ಅವನದಂತೂ ಬೆನ್ನು ಮಾತ್ರ ಕಂಡಿತ್ತು.

*

ಗುರುವಾರ ಹತ್ತೂಮುಕ್ಕಾಲಿಗೆ ಅವಳು 318ನೇ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂರನೇ ಮಹಡಿಗೆ ಹತ್ತಿದಳು. ದೊಡ್ಡ ಸರ್ ನಿವೃತ್ತರಾಗಿ ಐದು ವರ್ಷವಾದರೂ ಗೌರವ ಸಲಹೆಗಾರರೆಂದು ಒಂದು ಕೋಣೆ ಇಟ್ಟುಕೊಂಡಿದ್ದರು. ಅದನ್ನೂ ಖಾಲಿ ಮಾಡಬೇಕಿತ್ತು. ಪುಸ್ತಕಗಳು ಪೆಟ್ಟಿಗೆಗೆ ಸೇರಿದ್ದವು. ಗೋಡೆಯಿಂದ ಇಳಿಸಿದ ಕಟ್ಟುಗಳು ಮುಖ ಗೋಡೆಗೆ, ಬೆನ್ನು ಹೊರಕ್ಕೆ ಮಾಡಿ ಸಾಲಾಗಿ ನಿಂತಿದ್ದವು.

"ಬಾಮ್ಮ, ಬಾ. ಬಾಟಲಿ ಯಾಕೆ ಹೊತ್ಕೊಂಡು ಬಂದೆ?"

"ಇದಕ್ಕೊಂದು ಸಾಲು ಬರೆದುಕೊಡಿ ಸರ್. ಮರಿ ಹೌದೋ ಅಲ್ಲವೋ ಅನುಮಾನ ಇದೆ, ಉಳಿಸಿ ಅಂತ. ಅಷ್ಟೇ ಸಾಕು. ನೀವು ತಪ್ಪು ಅಂತ ಬರೀಬೇಡಿ, ಅನುಮಾನ ಅಂತ ಬರೀರಿ."

"ಇನ್ನೂ ಅದೇ ಹಿಡ್ಕೊಂಡಿದ್ದೀಯಾ?" ದೊಡ್ಡ ಸರ್ ನಕ್ಕರು. "ಮೊಟ್ಟೆ ಇಟ್ಟಿತು ಅಂತೀಯ. ನಾನಂತೂ ನೋಡಿಲ್ಲವಲ್ಲ. ಯಾರೂ ನೋಡದೇ ಇದ್ದದ್ದಕ್ಕೆ ನಾನು ಹೇಗೆ ಬರೆದುಕೊಡಲಿ, ಹೇಳು."

ಆಗ ಹೊಸ ಮೇಡಂ ಪಟ್ಟಿ ಹಿಡಿದುಕೊಂಡು ಒಳಗೆ ಬಂದರು. ದೊಡ್ಡ ಸರ್ ಪೆನ್ನಿನ ಮುಚ್ಚಳ ತೆಗೆದರು. ಅವರ ಮುಖ ನೋಡಲಾರದೆ ಚಿತ್ರದಕ್ಕ ಗೋಡೆಗೊರಗಿದ ಕಟ್ಟುಗಳ ಕಡೆ ತಿರುಗಿದಳು.

ತುದಿಯಲ್ಲಿದ್ದದ್ದು ಹುಳುವಿನ ಚಿತ್ರದ ಆ ಚಿಕ್ಕ ಕಟ್ಟು, ಅದರ ಬೆನ್ನು ಉಬ್ಬಿತ್ತು.

ಕಾಗದದ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದೇ ಪದರದ ಹಾಳೆ ಕೂತ ಕಟ್ಟು ಹಾಗೆ ಉಬ್ಬುವುದಿಲ್ಲ. ಅದು ಅವಳ ದಪ್ಪ ಹಾಳೆ, ಯಾವಾಗಲೂ ಒಂದೇ ಅಳತೆಯದು, ಆ ಚಿಕ್ಕ ಕಟ್ಟಿಗೆ ಹಿಡಿಸುವಂಥದ್ದಲ್ಲ. ಉಬ್ಬು ಇದ್ದದ್ದು ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಕತ್ತರಿಸಿಲ್ಲ! ಮಡಿಚಿದ್ದಾರೆ. ಯಾಕೆ ಕತ್ತರಿಸಿಲ್ಲ ಎಂಬುದೂ ಅದೇ ಕ್ಷಣಕ್ಕೆ ಹೊಳೆಯಿತು. ಸಹಿ. ಕೆಳಮೂಲೆಯ ಸಹಿ ಹೋದರೆ ಅಚ್ಚಿನ ವಿಭಾಗದವರು ಹಾಳೆ ಮುಟ್ಟುವುದಿಲ್ಲ. ಅಚ್ಚಿಗೆ ಹೋಗಿ ಬಂದಮೇಲೆ ಹಾಗೇ ಮಡಿಚಿ ಕಟ್ಟು ಹಾಕಿಸಿದ್ದಾರೆ.

ಅವಳು ಬಾಟಲಿಯನ್ನು ಮೇಜಿನ ಮೇಲೆ, ಸಹಿ ಹಾಕಬೇಕಾದ ಪಟ್ಟಿಯ ಮೇಲೇ ಇಟ್ಟಳು. ಕಟ್ಟನ್ನು ಎತ್ತಿ ಬೋರಲು ಹಾಕಿ, ಜೇಬಿನಿಂದ ಪೆನ್ಸಿಲ್ ಕೆತ್ತುವ ಚಾಕು ತೆಗೆದು ಹಿಂದಿನ ಅಂಟುಪಟ್ಟಿಯನ್ನು ಸೀಳಿದಳು.

"ಏಯ್, ಏನ್ ಮಾಡ್ತಿದ್ದೀಯಾ? ಅದು ನನ್ನದು!" ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ದೊಡ್ಡ ಸರ್ ದನಿ ಎತ್ತಿದರು.

"ಹುಳು ನನ್ನ ತಮ್ಮ ತಂದದ್ದು. ಚಿತ್ರ ನಾನು ಬರೆದದ್ದು. ನಿಮ್ಮದು ಮೊಳೆ ಮಾತ್ರ, ಅದು ಗೋಡೆಯಲ್ಲೇ ಇದೆ."

ಹೊಸ ಮೇಡಂ ತಡೆಯಲು ಮುಂದೆ ಬಂದವರು ಅಲ್ಲೇ ನಿಂತರು. ಹಲಗೆ ಕಳಚಿತು. ಹಾಳೆಯ ಕೆಳಭಾಗ ಹಿಂದಕ್ಕೆ ಮಡಿಚಿಕೊಂಡಿತ್ತು, ಮಡಿಕೆ ಹಳದಿಯಾಗಿತ್ತು. ಅವಳು ಅದನ್ನು ಬಿಡಿಸಿ, ಎರಡೂ ಅಂಗೈಯಿಂದ ಒತ್ತಿ ಹಿಡಿದಳು.

ಹಾಳೆಯ ಮೇಲೆ ಹುಳು, ಕೆಳಗೆ ಸುರುಳಿ. ಅದರಡಿ ಅವಳದೇ ಪೆನ್ಸಿಲ್ ಅಕ್ಷರ, ನಿನ್ನೆ ಬರೆದ ಹಾಗೆ: ‘ಬಾಟಲಿ 318, ಬಟ್ಟಲು 4. ಇದೇ ಹುಳು, ಏಳು ಮಿ.ಮೀ. ಬಟ್ಟಲು ತೊಳೆದು ಹೊಸ ನೀರು ಹಾಕಿತ್ತು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಮೊಟ್ಟೆಯಿಟ್ಟಿತು. ಮೂರು ಸುತ್ತು.’

‘ಮೂರು’ ಎಂಬುದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ. ಮೇಲೆ ಅದೇ ಕೆಂಪಿನಲ್ಲಿ, ದೊಡ್ಡ ಸರ್ ಅವರದೆಂದು ಎಲ್ಲರಿಗೂ ಗೊತ್ತಿದ್ದ ಆ ದುಂಡು ಅಕ್ಷರದಲ್ಲಿ ‘ಮೂರೂವರೆ’ ಎಂದಿತ್ತು. ಮೂಲೆಯಲ್ಲಿ ‘ನೋಡಿದೆ’, ಸಹಿ, ತಾರೀಕು.

ಸಹಿ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಈ ತಿದ್ದುಪಡಿ ಗೊತ್ತಿರಲಿಲ್ಲ. ಅವತ್ತು ಹಾಳೆಯನ್ನು ಅವರು ತಮ್ಮ ಕೋಣೆಗೆ ಒಯ್ದಮೇಲೆ ಅವಳು ಕಂಡಿರಲೇ ಇಲ್ಲ. ಇವರು ಬರೀ ನೋಡಿರಲಿಲ್ಲ. ಎಣಿಸಿದ್ದರು! ಅರ್ಧ ಸುತ್ತು ಬಿಟ್ಟುಹೋಗಿದೆ ಎಂದು ತಿದ್ದಿದ್ದರು. ಅಷ್ಟು ಸರಿಯಾಗಿ ಎಣಿಸಬಲ್ಲ ಕಣ್ಣು ಇಟ್ಟುಕೊಂಡು, ಎಣಿಸಿ, ಮಡಿಚಿ, ಅದಕ್ಕೆ ಬೆನ್ನು ಹಾಕಿ ಹದಿನಾಲ್ಕು ವರ್ಷ ಕುರ್ಚಿಯಲ್ಲಿ ಕೂತಿದ್ದರು.

"ಯಾರೂ ನೋಡಿಲ್ಲ ಅಂದ್ರಲ್ಲ," ಎಂದಳು. "ಓದಿ ಸರ್. ಜೋರಾಗಿ ಓದಿ."

ದೊಡ್ಡ ಸರ್ ಹಾಳೆಯನ್ನು ನೋಡಿದರು, ಪೆನ್ನಿನ ಮುಚ್ಚಳವನ್ನು ಹುಡುಕಿದರು, ಅದು ಅವರ ಕೈಯಲ್ಲೇ ಇತ್ತು. "ದಿನಕ್ಕೆ ಇಪ್ಪತ್ತು ಹಾಳೆ ಬರ್ತಿತ್ತು. ಎಲ್ಲ ಹೇಗೆ ನೆನಪಿರುತ್ತೆ... ಪುಸ್ತಕ ಆಗಲೇ ಅಚ್ಚಿಗೆ ಹೋಗಿತ್ತು, ಅಷ್ಟು ಸಣ್ಣ ಪ್ರಾಣಿ..."

"ಸಣ್ಣದಾದ್ರೆ ಏನು ಸರ್? ನಿಮ್ಮ ಪುಸ್ತಕದ ಹೊದಿಕೆ ಆಗೋಕೆ ಸಾಕಾಗಲಿಲ್ವಾ?"

ಹೊಸ ಮೇಡಂ ಬಾಟಲಿಯ ಕೆಳಗಿಂದ ಪಟ್ಟಿಯನ್ನು ಎಳೆದುಕೊಂಡು ಮೂರು ಸಂಖ್ಯೆಗಳ ಮೇಲೆ ಗೆರೆ ಎಳೆದರು. "ಹಾಳೆ ನಿಮ್ಮ ಹತ್ರಾನೇ ಇರಲಿ ಅಕ್ಕ," ಎಂದರು. "ಬನ್ನಿ, ಹಲ್ಲು ನೋಡೋಣ."

ನೆಲಮಾಳಿಗೆಯಲ್ಲಿ, ಹನ್ನೊಂದರಲ್ಲಿ ಒಂದನ್ನು ಕೊಯ್ಯಬೇಕಾಯಿತು. ಯಾವುದು ಎಂದು ಆರಿಸಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಹೊಸ ಮೇಡಂ ಬಾಯಿಯ ಭಾಗವನ್ನು ಕ್ಷಾರದಲ್ಲಿ ಕರಗಿಸಿ, ಉಳಿದ ಹಲ್ಲಿನ ಪಟ್ಟಿಯನ್ನು ಗಾಜಿನ ಮೇಲೆ ಹರಡಿ, ಬಹಳ ಹೊತ್ತು ಕಣ್ಣು ಕೀಳದೆ ನೋಡಿದರು. ದೊಡ್ಡ ಜಾತಿಯ ಹಲ್ಲು ನುಣುಪಾದ ಕೊಕ್ಕೆ, ಮರಿಗೂ ಹಾಗೇ ಇರುತ್ತದೆ. ಇದರ ಪ್ರತಿ ಹಲ್ಲಿಗೂ ಗರಗಸದ ಅಂಚಿತ್ತು.

"ಬೇರೇನೇ," ಎಂದರು ಹೊಸ ಮೇಡಂ. "ಖಂಡಿತ ಬೇರೆ. ಅಕ್ಕಾ, ಹೊಸ ಚೀಟಿ ನೀವೇ ಬರೀರಿ."

ಚಿತ್ರದಕ್ಕ ಗಟ್ಟಿ ಪೆನ್ಸಿಲ್ ಆರಿಸಿಕೊಂಡು ಮೂರು ಚೀಟಿ ಬರೆದಳು. ಹೆಸರು: ಇನ್ನೂ ಇಟ್ಟಿಲ್ಲ. ಹಿಡಿದವರು ಎಂಬಲ್ಲಿ ತಮ್ಮನ ಹೆಸರು. ಗುರುತಿಸಿದವರು ಎಂಬ ಸಾಲನ್ನು ಅವಳು ಇಷ್ಟು ವರ್ಷ ಬೇರೆಯವರಿಗೆಂದು ಖಾಲಿ ಬಿಡುತ್ತಿದ್ದಳು. ಇವತ್ತು ಅಲ್ಲಿ ತನ್ನ ಹೆಸರು ಬರೆದಳು, ಕಾಗದದ ಹಿಂದೆ ಉಬ್ಬುವಷ್ಟು ಒತ್ತಿ. ಸಿಕ್ಕ ಜಾಗ ಎಂಬಲ್ಲಿ ‘ದೀಪಸ್ತಂಭದ ಕೆಳಗಿನ ಕುಳಿಬಂಡೆ’ ಎಂದು ಬರೆದು ಕೈ ನಿಂತಿತು. ಗೆದ್ದೆ ಎಂದು ಒಳಗೊಳಗೇ ಕುಣಿಯುತ್ತಿದ್ದ ಮನಸ್ಸು ಅಲ್ಲಿಗೆ ಬಂದು ಕೂತುಬಿಟ್ಟಿತು. ‘ಈಗ ಇಲ್ಲ’ ಎಂದು ಸೇರಿಸಿದಳು. ಈ ಹುಳು ಬೇರೆ ಎಂದು ಸಮೀಕ್ಷೆಯ ಕಾಗದದಲ್ಲಿ ಇರಬೇಕಿದ್ದ ಸಾಲು ಇಷ್ಟು ವರ್ಷ ಆ ಚಿತ್ರದ ಮಡಿಕೆಯೊಳಗೆ ಕೂತಿತ್ತು. ಸಿಟ್ಟು ಇಳಿಯಬೇಕಿತ್ತಲ್ಲ, ಇಳಿಯಲಿಲ್ಲ. ಇನ್ನೂ ಏರಿತು.

ಸಂಜೆ ಮನೆಗೆ ಬಂದಾಗ ತಮ್ಮ ಬಾಗಿಲಲ್ಲಿ ಕೂತು ಹಗ್ಗ ಹೆಣೆಯುತ್ತಿದ್ದ. ಅವಳು ಚಪ್ಪಲಿ ಬಿಡುವುದಕ್ಕೂ ಮೊದಲು ಹೇಳಿದಳು. "ನೀನು ಹೇಳಿದ್ದೇ ಸರಿ ಕಣೋ. ಬೇರೆ ಜಾತಿ. ಹಲ್ಲು ನೋಡಿದ್ವಿ. ಅವರು ಮೊಟ್ಟೆ ಎಣಿಸಿ ಸಹಿ ಹಾಕಿ ಬಚ್ಚಿಟ್ಟಿದ್ರು."

ಅವನು ಸಂತೋಷಪಡಲಿಲ್ಲ. ಹೆಣೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ.

"ಮರಿ ಅಲ್ವಾ?"

"ಅಲ್ಲ."

"ಬೇರೆ ಕಡೆ ಎಲ್ಲಾದ್ರೂ..."

"ಗೊತ್ತಿಲ್ಲ. ಯಾರೂ ಕಂಡಿಲ್ಲ."

ಅವನು ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡಿದ. "ಕುಳಿಬಂಡೆ ಮೇಲೆ ಮೊದಲ ದಿಮ್ಮಿ ಕೂರಿಸಿದ್ದು ನಾನೇ ಅಕ್ಕ. ಅವತ್ತು ಕೆಳಗೆ ಇಳಿದಾಗ ಪಾಚಿ ತುಂಬ ಅವೇ ಇದ್ದವು. ಮೇಲೆ ಬಂದು ಸಮೀಕ್ಷೆಯವನಿಗೆ ಹೇಳ್ದೆ. ಪುಸ್ತಕ ತೆಗೆದು ತೋರಿಸ್ದ, ಮರಿ ಅಂತ, ಎಲ್ಲಾ ಕಡೆ ಇವೆ ಅಂತ. ನೀನು ಬರೆದ ಚಿತ್ರ ಹೊದಿಕೆ ಮೇಲೇ ಇತ್ತು. ನಾನು ತಿರುಗಿ ಇಳಿದು, ಸರಿಯಾಗಿ ನಡುವಿಗೆ ಕೂರಿಸ್ದೆ. ಚೆನ್ನಾಗಿ ಕೂರಿಸಿದೀಯ ಅಂತ ಹೊಗಳಿದ್ರು."

ಒಂಬತ್ತು ವರ್ಷ ಅವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಮರಿ ಆಗಿದ್ದರೇ ಒಳ್ಳೆಯದು ಎಂದದ್ದು ಇದಕ್ಕೆ.

ಅವಳು ಅವನ ಬಲಗಡೆಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. "ಅದು ನೀನಲ್ಲ," ಎಂದಳು. "ನಿನ್ನ ಕೈಯಿಂದ ಮಾಡಿಸಿದ್ರು. ನನ್ನ ಕೈಯಿಂದ ಚೀಟಿ ಎಸೆಸಿದ್ರಲ್ಲ, ಹಾಗೇ."

"ಏನಂದೆ?" ಎಂದ ತಮ್ಮ.

ಅವನಿಗೆ ಕೇಳಿಸಿತ್ತು. ಆ ಕಿವಿ ಚೆನ್ನಾಗಿಯೇ ಇತ್ತು. ಆದರೂ ಅವಳು ಇನ್ನೊಮ್ಮೆ, ಎದುರುಮನೆಯವರು ಕಿಟಕಿಗೆ ಬಂದು ನೋಡುವಷ್ಟು ಜೋರಾಗಿ ಹೇಳಿದಳು.